ಬಟ್ಟೆ ಮುಚ್ಚಿದ ಬಾಲ್ದಿ

ಆ ಊರಿನಲ್ಲಿ ಮಗ್ಗ ಓಡುತ್ತಿದ್ದರೆ ಯಾರೂ ಕಿವಿಗೊಡುವುದಿಲ್ಲ. ನಿಂತರೆ ಎಲ್ಲರೂ ತಲೆಯೆತ್ತುತ್ತಾರೆ. ಬಡಗಣ ಕಡಲಿನ ಲೂಯಿಸ್ ದ್ವೀಪದ ಪಡುವಣ ದಂಡೆಯಲ್ಲಿ, ಒಂದೇ ರಸ್ತೆಗೆ ಪೋಣಿಸಿದಂತಿರುವ ಇಪ್ಪತ್ತೆರಡು ಮನೆಗಳ ಊರು. ಒಂದು ಕಾಲದಲ್ಲಿ ಹದಿನಾಲ್ಕು ಮನೆಗಳ ಹಿಂದೆ ಮಗ್ಗದ ಮನೆಗಳಿದ್ದವು. ಯಾರಾದರೂ ತೀರಿಕೊಂಡರೆ ಮಣ್ಣಾಗುವವರೆಗೆ ಅಷ್ಟೂ ಮಗ್ಗಗಳು ಬಾಯಿ ಮುಚ್ಚುತ್ತಿದ್ದವು. ಆಗ ಕಡಲಿನ ಸದ್ದು ಮನೆಯೊಳಗೇ ಬಂದು ಕೂರುತ್ತಿತ್ತು. ಈಗ ಉಳಿದಿದ್ದದ್ದು ಒಂದೇ ಮಗ್ಗ, ಮರ್ಡೀನಾಳದು.

ಅವಳ ತಂದೆ ಮರ್ಡೊ. ಅವನಿಗೆ ಗಂಡುಮಕ್ಕಳಾಗಲಿಲ್ಲ. ಹೆಸರಾದರೂ ನಿಲ್ಲಲಿ ಎಂದು ಒಬ್ಬಳೇ ಮಗಳಿಗೆ ತನ್ನ ಹೆಸರನ್ನೇ ಹೆಣ್ಣಾಗಿಸಿ ಇಟ್ಟ. ಹೆಸರಿನ ಜೊತೆಗೆ ಅವನ ಅಗಲವಾದ ಅಂಗೈ, ನೇಯುವ ಕಸುಬು, ಮಗ್ಗದ ಮನೆ, ಯಾರಿಗೂ ತೊಂದರೆ ಕೊಡಬಾರದೆಂಬ ಹಟ, ಎಲ್ಲವೂ ಅವಳಿಗೆ ಬಂತು. ಮದುವೆಯಾಗಲಿಲ್ಲ. ಅಮ್ಮನನ್ನು ಕೊನೆಯವರೆಗೆ ನೋಡಿಕೊಂಡಳು. ಆ ಶರತ್ಕಾಲದಲ್ಲಿ ಅವಳಿಗೆ ಅರವತ್ತೊಂದು ತುಂಬಿತು. ಮರ್ಡೊ ಸತ್ತದ್ದೂ ಅರವತ್ತೊಂದರಲ್ಲೇ.

ಹುಟ್ಟುಹಬ್ಬದ ಮಾರನೆಯ ದಿನ ಅವಳು ಮಗ್ಗದ ಮನೆಯ ಬಾಗಿಲು ತೆರೆದಾಗ ಅವನು ಅಲ್ಲಿದ್ದ. ನೂಲಿನ ಕಂಡಿಕೆಗಳನ್ನು ಇಡುವ ಮರದ ಪೆಟ್ಟಿಗೆಯ ಮೇಲೆ, ಕಿಟಕಿಗೆ ಬೆನ್ನು ಮಾಡಿ ಕೂತಿದ್ದ. ತೊಡೆಯ ಮೇಲೊಂದು ಬಾಲ್ದಿ, ಅದರ ಮೇಲೊಂದು ಬಟ್ಟೆ. ಅವಳು ಹೆದರಲಿಲ್ಲ. ಆ ದಂಡೆಯಲ್ಲಿ ಸತ್ತವರನ್ನು ಕಂಡೆ ಎಂದು ಹೇಳಿದವರು ಅವಳೇ ಮೊದಲಲ್ಲ, ಕಂಡೂ ಹೇಳದವರು ಅದಕ್ಕಿಂತ ಹೆಚ್ಚು. ಅವಳು ತನ್ನ ಪಾಡಿಗೆ ಮಗ್ಗವೇರಿ ಪೆಡಲ್ ತುಳಿಯತೊಡಗಿದಳು. ಅಪ್ಪನ ಮಗ್ಗದ ಜಾಗಕ್ಕೆ ಬಂದ ಈ ಹೊಸ ಮಗ್ಗವನ್ನು ಸೈಕಲ್ಲಿನ ಹಾಗೆ ತುಳಿಯಬೇಕು. ದಿನಕ್ಕೆ ಎಂಟು ಗಂಟೆ ತುಳಿದರೂ ಊರ ಗಡಿ ದಾಟದ ಸೈಕಲ್ಲು.

ಮಂಡಿಗಳು ಸವೆದದ್ದು ಅದರಿಂದಲೇ. ಎರಡು ವರ್ಷದಿಂದ ಅವಳು ನೋವಿನ ಗುಳಿಗೆ ನುಂಗುತ್ತಿದ್ದಳು. ಅಂಗಡಿಯಲ್ಲಿ ಸೋಪಿನ ಪಕ್ಕದಲ್ಲೇ ಸಿಗುವ ಗುಳಿಗೆ, ಡಾಕ್ಟರ ಚೀಟಿ ಬೇಡ. ಮೊದಲು ದಿನಕ್ಕೊಂದು. ಬೇಸಿಗೆ ಕಳೆಯುವಷ್ಟರಲ್ಲಿ ಹೊತ್ತಿಗೆ ಎರಡರಂತೆ ಮೂರು ಹೊತ್ತು, ಅದೂ ಬೆಳಗಿನ ಖಾಲಿ ಹೊಟ್ಟೆಗೆ ಕಡುಚಹಾದ ಜೊತೆ. ಆಗಸ್ಟಿನಿಂದ ಎದೆಗೂಡಿನ ಕೆಳಗೆ ಇಲಿ ಕಡಿದ ಹಾಗೆ ಏನೋ ಕಡಿಯುತ್ತಿತ್ತು. ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾಗುತ್ತಿತ್ತು. ಲಂಗದ ಗುಂಡಿಯನ್ನು ಎರಡು ಸಲ ಒಳಗೆ ಹೊಲಿದುಕೊಂಡಳು. ವಯಸ್ಸು, ಎಂದುಕೊಂಡಳು. ಅಕ್ಟೋಬರಿನಲ್ಲಿ ಒಂದು ಬೆಳಗ್ಗೆ ಶೌಚದಿಂದ ಎದ್ದು ಹಿಂತಿರುಗಿ ನೋಡಿದಾಗ ಕಪ್ಪು ಕಂಡಿತು.

“ಮಾರಗ್ ತಿಂದಿದ್ದಲ್ವಾ,” ಎಂದು ಒಬ್ಬಳೇ ಗಟ್ಟಿಯಾಗಿ ಹೇಳಿಕೊಂಡಳು. ಹೇಳಿದ ಮೇಲೆ ಅದು ಯಾರ ಮಾತು ಎಂದು ಅವಳಿಗೇ ಕೇಳಿಸಿತು.

ಮಾರಗ್ ಇಲ್ಲದ ಮನೆ ಆ ದ್ವೀಪದಲ್ಲಿಲ್ಲ. ಕುರಿಯ ರಕ್ತಕ್ಕೆ ಓಟ್ಸ್ ಹಿಟ್ಟು, ಕೊಬ್ಬು, ಈರುಳ್ಳಿ ಕಲಸಿ, ಕರುಳಿನಲ್ಲಿ ತುಂಬಿ ಬೇಯಿಸಿದ್ದು. ಬೆಳಗ್ಗೆ ಎರಡು ಬಿಲ್ಲೆ ಕೊಯ್ದು ಮೊಟ್ಟೆಯ ಜೊತೆ ಹುರಿದರೆ ಮಧ್ಯಾಹ್ನದವರೆಗೆ ಚಿಂತೆಯಿಲ್ಲ. ತಿಂದದ್ದು ಕಪ್ಪು, ಆದ್ದರಿಂದ ಹೋಗುವುದೂ ಕಪ್ಪು, ಎಂದು ಅಜ್ಜಿಯರ ಕಾಲದಿಂದಲೂ ಹೇಳಿಕೊಂಡು ಬಂದಿದ್ದರು. ಮರ್ಡೊ ಹೇಳಿದ್ದೂ ಅದನ್ನೇ.

ಆಗ ಅವಳಿಗೆ ಹದಿನೇಳು. ಪ್ರಭುಭೋಜನದ ವಾರ. ಗುರುವಾರದಿಂದ ಸೋಮವಾರದವರೆಗೆ ಬೇರೆ ಊರುಗಳ ವಿಶ್ವಾಸಿಗಳು ಬಂದು ಮನೆಮನೆಯಲ್ಲೂ ಉಳಿಯುತ್ತಾರೆ. ಆ ವರ್ಷ ಅವರ ಮನೆಯಲ್ಲೇ ಹನ್ನೊಂದು ಜನ. ಮನೆಯ ಶೌಚದ ಬಾಲ್ದಿಯನ್ನು ಅತಿಥಿಗಳಿಗೆ ಬಿಟ್ಟು ಮರ್ಡೊ ದನದ ಕೊಟ್ಟಿಗೆಯಲ್ಲಿ ಬೇರೊಂದನ್ನು ಇಟ್ಟುಕೊಂಡಿದ್ದ. ಬೆಳಕು ಹರಿಯುವ ಮುಂಚೆ ಅದನ್ನು ಕಡಲಿಗೆ ಚೆಲ್ಲಿ ಬರುವುದು ಮಗಳ ಕೆಲಸ. ಹನ್ನೆರಡನೆಯ ವಯಸ್ಸಿನಿಂದ ಹೊತ್ತವಳಿಗೆ ಯಾವುದು ಹೇಗಿರಬೇಕೆಂದು ತಿಳಿದಿತ್ತು. ಶುಕ್ರವಾರದ ಬೆಳಗ್ಗೆ ಅವಳು ಕಂಡದ್ದು ದೋಣಿಯ ತಳಕ್ಕೆ ಬಳಿಯುವ ಡಾಂಬರಿನಂತಿತ್ತು. ಮಿನುಗುತ್ತಿತ್ತು, ಬಾಲ್ದಿಯ ಗೋಡೆಗೆ ಅಂಟಿಕೊಂಡಿತ್ತು. ವಾಸನೆ ಮನುಷ್ಯರದಾಗಿರಲಿಲ್ಲ.

ಅಪ್ಪ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದ. ಮುಖ ಮೇಣದಬತ್ತಿಯ ಹಾಗೆ.

“ಮಾರಗ್ ತಿಂದಿದ್ನಲ್ಲ ಪುಟ್ಟಿ, ಅದರ ಬಣ್ಣ,” ಎಂದ. “ಅಮ್ಮಂಗೆ ಹೇಳ್ಬೇಡ. ಮನೆ ತುಂಬ ಜನ ಇದಾರೆ. ಇದೊಂದು ಮುಗೀಲಿ, ಆಮೇಲೆ ಡಾಕ್ಟರ್ ಹತ್ರ ಹೋಗ್ತೀನಿ.”

ಮೊಳೆಗೆ ನೇತುಹಾಕಿದ್ದ ಹಳೆಯ ಬಟ್ಟೆಯೊಂದನ್ನು ತೆಗೆದು, ತಾನೇ ಬಾಲ್ದಿಯ ಮೇಲೆ ಹೊದಿಸಿದ. ಆಮೇಲೆ ನಾಲ್ಕು ಬೆಳಗು ಅವಳು ಅದನ್ನು ಹಾಗೇ ಹೊತ್ತಳು, ಬಟ್ಟೆ ಎತ್ತದೆ, ಮುಖ ತಿರುಗಿಸಿ ಚೆಲ್ಲಿದಳು. ಸೋಮವಾರ ಕೃತಜ್ಞತೆಯ ಆರಾಧನೆ ಮುಗಿದು ಅತಿಥಿಗಳು ಹೊರಟರು. ಮಂಗಳವಾರ ಮರ್ಡೊ ಮಗ್ಗದ ಮೇಲೆಯೇ ಕುಸಿದ. ಡಾಕ್ಟರು ಬರುವಷ್ಟರಲ್ಲಿ ಮುಗಿದಿತ್ತು. ಹೋದ ಹನ್ನೊಂದು ಜನರೂ ಅವನನ್ನು ಮಣ್ಣುಮಾಡಲು ಅದೇ ವಾರ ಮರಳಿ ಬಂದರು. ಮಗ್ಗಗಳು ಮೂರು ದಿನ ನಿಂತವು. ಆ ಮೌನದಲ್ಲಿ ಹುಡುಗಿ ಕೂತು ಲೆಕ್ಕ ಹಾಕಿದಳು, ಐದು ಸಲ. ಐದು ಸಲ ಹೊತ್ತೆ, ಒಂದು ಸಲವೂ ಹೇಳಲಿಲ್ಲ. ಅಮ್ಮನಿಗೆ ಹೇಳಲಿಲ್ಲ, ಪಾದ್ರಿಗೆ ಹೇಳಲಿಲ್ಲ, ಪ್ರಾರ್ಥನೆಯಲ್ಲಿ ಕೂಡ ಆ ಜಾಗ ಬಂದಾಗ ತುಟಿ ಬಿಗಿದುಕೊಂಡು ದಾಟಿಬಿಡುತ್ತಿದ್ದಳು.

ಈಗ ನಲವತ್ತನಾಲ್ಕು ವರ್ಷದ ಮೇಲೆ, ಡಾಕ್ಟರಿಗೆ ಒಂದು ಫೋನ್ ಮಾಡುವುದಕ್ಕೆ ಅವಳಿಗಿದ್ದ ಅಡ್ಡಿ ಅಪ್ಪನೊಬ್ಬನೇ ಅಲ್ಲ. ಪಕ್ಕದ ಮನೆಯ ಟಾರ್ಮಡ್ ಕೂಡ.

ಟಾರ್ಮಡ್ ಅವಳ ಜೊತೆ ಶಾಲೆಗೆ ಹೋದವನು. ಹಡಗುಗಳಲ್ಲಿ ದುಡಿದು ನಿವೃತ್ತನಾಗಿ ಬಂದಮೇಲೆ ಅವನಿಗೆ ತನ್ನ ಹೊಟ್ಟೆಯ ಹೊರತು ಬೇರೆ ಕಡಲು ಉಳಿಯಲಿಲ್ಲ. ತೇಗು ಬಂದರೆ ಚಿಕಿತ್ಸಾಲಯಕ್ಕೆ ಫೋನು, ಬರದಿದ್ದರೂ ಫೋನು. ಎಲೆಕೋಸಿನ ಸಾರು ಕುಡಿದ ರಾತ್ರಿ ಹೊಟ್ಟೆ ಗುಡುಗಿದ್ದಕ್ಕೆ ಹೃದಯ ಪರೀಕ್ಷೆ ಮಾಡಿಸಿಕೊಂಡು ಬಂದಿದ್ದ. ಆ ಊರಿನಲ್ಲಿ ಅಡ್ಡಹೆಸರಿಲ್ಲದೆ ಯಾರೂ ಸಾಯುವುದಿಲ್ಲ. ಅವನಿಗೆ ಬಿದ್ದದ್ದು ತೇಗಿನ ಟಾರ್ಮಡ್. ಇಟ್ಟವಳು ಮರ್ಡೀನಾ. ಒಲೆಗೆ ಉರಿಸುವ ಪೀಟ್ ಮಣ್ಣು ಕಡಿಯುವ ದಿನ, ಜೌಗಿನ ಮೇಲೆ ಎಲ್ಲರೂ ಚಹಾಕ್ಕೆ ಕೂತಾಗ ಬಾಯಿಂದ ಜಾರಿದ ಮಾತು ಸಂಜೆಯಷ್ಟರಲ್ಲಿ ಊರಿನದಾಗಿತ್ತು. ಈಗ ತಾನೇ ಹೊಟ್ಟೆ ಹಿಡಿದುಕೊಂಡು ಅದೇ ಚಿಕಿತ್ಸಾಲಯದ ಬೆಂಚಿನ ಮೇಲೆ ಕೂತರೆ ಜನ ಏನೆಂದಾರು? ತೇಗಿಗೆ ಜೋಡಿ ಸಿಕ್ಕಿತು ಎಂದಾರು.

ಅವಳು ತನಗೆ ತಾನೇ ಒಂದು ಪರೀಕ್ಷೆ ಇಟ್ಟುಕೊಂಡಳು. ಮಾರಗನ್ನು ಫ್ರೀಜರಿನ ತಳಕ್ಕೆ ತಳ್ಳಿ ಗಂಜಿ ಕುಡಿದಳು. ಎರಡನೆಯ ದಿನ ಕಪ್ಪು. ನಾಲ್ಕನೆಯ ದಿನ ಕಪ್ಪು. ಆರನೆಯ ದಿನ ಡಾಂಬರು. ಆಗಲೂ ಮನಸ್ಸು ಹೊಸ ನೆಪ ಹುಡುಕಿತು, ಕಪ್ಪು ಹಣ್ಣಿನ ಜಾಮ್ ಇರಬಹುದು ಎಂದು. ಮುಂದಿನ ಗುರುವಾರ ಪ್ರಭುಭೋಜನದ ವಾರ ಶುರು. ಅವಳ ಮನೆಗೆ ಏಳು ಜನ ಬರುವವರಿದ್ದರು. ಹಾಸಿಗೆ ಬಟ್ಟೆ ಒಗೆಯಬೇಕು. ಬುಧವಾರದೊಳಗೆ ನೇಯ್ದ ಬಟ್ಟೆಯನ್ನು ಮಗ್ಗದಿಂದ ಇಳಿಸಿ ಗಿರಣಿಯ ಲಾರಿಗೆ ಕೊಡಬೇಕು. ಇದೊಂದು ಮುಗೀಲಿ, ಎಂದುಕೊಂಡಳು. ಪೆಟ್ಟಿಗೆಯ ಮೇಲೆ ಕೂತಿದ್ದವನು ತಲೆಯೆತ್ತಿ ನೋಡಿದ. ಬಾಲ್ದಿಯ ಮೇಲಿನ ಬಟ್ಟೆಯನ್ನು ಸರಿಪಡಿಸಿದ.

ಮಂಗಳವಾರ ಬೆಳಗ್ಗೆ ಹನ್ನೊಂದರ ಹೊತ್ತಿಗೆ ಕಂಡಿಕೆ ಬದಲಿಸಲೆಂದು ಅವಳು ಆಸನದಿಂದ ಎದ್ದಳು. ಕಿಟಕಿಯ ಬೆಳಕು ಅಂಚಿನಿಂದ ಮಡಚಿಕೊಂಡು ಬಂತು. ಕಣ್ಣು ಬಿಟ್ಟಾಗ ಕೆನ್ನೆ ಉಣ್ಣೆಯ ಎಣ್ಣೆ ಕುಡಿದ ಕಲ್ಲುನೆಲದ ಮೇಲಿತ್ತು. ಮೈಯೆಲ್ಲ ತಣ್ಣನೆಯ ಬೆವರು. ಮೊದಲು ಅವಳ ಗಮನಕ್ಕೆ ಬಂದದ್ದು ನೋವಲ್ಲ, ಕಡಲಿನ ಸದ್ದು. ಮಗ್ಗ ನಿಂತಿತ್ತು. ಊರು ತಲೆಯೆತ್ತುತ್ತದೆ, ಎಂದು ಅವಳಿಗೆ ನಾಚಿಕೆಯಾಯಿತು. ತೆವಳಿಕೊಂಡು ಹೋಗಿ, ಮಲಗಿದ್ದಲ್ಲಿಂದಲೇ ಪೆಡಲನ್ನು ಕೈಯಿಂದ ಒತ್ತಿದಳು. ಮಗ್ಗ ನಾಲ್ಕು ಏಟು ಹೊಡೆಯಿತು, ತಾಳವಿಲ್ಲದ ನಾಲ್ಕು ಏಟು. ಆಮೇಲೆ ಕೈಯೂ ಸೋತಿತು.

ಕಂಡಿಕೆಯ ಪೆಟ್ಟಿಗೆಯ ಮೇಲಿದ್ದವನು ಬಾಗಿ ಅವಳನ್ನು ನೋಡುತ್ತಿದ್ದ. ಮಂಗಳವಾರ, ಎಂದು ಅವಳಿಗೆ ನೆನಪಾಯಿತು. ಅವತ್ತೂ ಮಂಗಳವಾರ.

ಬಾಗಿಲು ತಳ್ಳಿಕೊಂಡು ಬಂದವನು ಟಾರ್ಮಡ್. ಮನೆಯ ಚಪ್ಪಲಿಯಲ್ಲೇ, ಕೆಸರು ತುಳಿದುಕೊಂಡು ಬಂದಿದ್ದ.

“ಮಗ್ಗಕ್ಕೆ ಏನಾಯ್ತು?” ಎಂದ. “ಕುಡಿದೋರು ಬಾಗಿಲು ಬಡಿದ ಹಾಗಿತ್ತು.”

“ಏನಿಲ್ಲ. ಕಾಲು ಜಾರ್ತು. ಹೋಗು, ನಿನ್ನ ಚಹಾ ಆರುತ್ತೆ.”

ಅವನು ಹೋಗಲಿಲ್ಲ. ಮಂಡಿಯೂರಿ ಅವಳ ಮುಖವನ್ನು ಬೆಳಕಿಗೆ ತಿರುಗಿಸಿದ. “ತುಟಿ ಬಣ್ಣ ಎಲ್ಲಿ ಹೋಯ್ತೇ ನಿಂದು?” ಎಂದ. ಅವಳನ್ನು ಎಬ್ಬಿಸಲು ಹೋಗದೆ, ಕಾಲುಗಳ ಕೆಳಗೆ ನೂಲಿನ ಮೂಟೆ ಇಟ್ಟು, ತನ್ನ ಸ್ವೆಟರು ಕಳಚಿ ಹೊದಿಸಿದ. ಆಮೇಲೆ ಪೆಟ್ಟಿಗೆಯ ಮೇಲೆ ಕೂರಲು ಹೋದ.

“ಅಲ್ಲಿ ಬೇಡ,” ಎಂದಳು ಅವಳು.

ಟಾರ್ಮಡ್ ಪೆಟ್ಟಿಗೆಯನ್ನೊಮ್ಮೆ, ಅವಳನ್ನೊಮ್ಮೆ ನೋಡಿದ. ನೆಲದ ಮೇಲೆ ಕೂತ. ಜೇಬಿನಿಂದ ಫೋನು ತೆಗೆದು ಕೈಯಲ್ಲಿ ಹಿಡಿದುಕೊಂಡು, ಸಭೆಯ ಹಿರಿಯರು ಮನೆಗೆ ಬಂದು ಮಕ್ಕಳಿಗೆ ಧರ್ಮದ ಪ್ರಶ್ನೋತ್ತರ ಕೇಳುವ ಧಾಟಿಯಲ್ಲಿ ಶುರುಮಾಡಿದ. ಊಟ ಸೇರುತ್ತದೆಯೋ? ನುಂಗುವಾಗ ಗಂಟಲಲ್ಲಿ ನಿಲ್ಲುತ್ತದೆಯೋ? ತೂಕ ಇಳಿದಿದೆಯೋ? ಎಷ್ಟು ವಾರದಿಂದ? ಯಾವ ಗುಳಿಗೆ? ಕಬ್ಬಿಣದ ಗುಳಿಗೆ ಏನಾದರೂ?

“ತೇಗು ಬಂತು ಅಂತ ಫೋನ್ ಮಾಡೋ ಪೈಕಿ ಅಲ್ಲ ನಾನು,” ಎಂದಳು ಅವಳು.

“ಗೊತ್ತು. ಹೆಸರಿಟ್ಟೋಳೇ ನೀನು. ಕೇಳಿದ್ದಕ್ಕೆ ಉತ್ತರ ಕೊಡು.” ಅವನ ದನಿಯಲ್ಲಿ ಸಿಟ್ಟಿರಲಿಲ್ಲ. “ಆ ಡಾಕ್ಟರಮ್ಮ ನನಗೆ ನೂರು ಸಲ ಹೇಳಿದಾರೆ. ತೇಗು, ವಾಯು, ಹಬ್ಬದ ಊಟ ಮಾಡಿ ಎದೆ ಉರಿಯೋದು, ಎರಡು ದಿನ ಭೇದಿ, ನಾಕು ದಿನ ಕಟ್ಟಿಕೊಳ್ಳೋದು, ಇವೆಲ್ಲ ನೆಂಟರಿದ್ದ ಹಾಗೆ, ಬರ್ತಾವೆ ಹೋಗ್ತಾವೆ. ಮೂರು ವಾರ ಆದ್ರೂ ಹೊರಡದಿದ್ರೆ ಬಂದು ತೋರಿಸು ಅಂತಾರೆ. ತೂಕ ಇಳಿದ್ರೆ, ನುಂಗೋದು ಕಷ್ಟ ಆದ್ರೆ, ಅಷ್ಟು ದಿನಾನೂ ಕಾಯ್ಬೇಡ ಅಂತಾರೆ. ಇನ್ನು ಕೆಲವಕ್ಕೆ ನಾಳೆ ಅನ್ನೋದೇ ಇಲ್ಲ. ಭಾನುವಾರದ ಸಬ್ಬತ್ತು ಅಂತ ಕಾಯೋದೂ ಇಲ್ಲ. ವಾಂತೀಲಿ ರಕ್ತ, ಇಲ್ಲ ಕಾಫಿ ಚರಟದಂಥದ್ದು. ಹೊಟ್ಟೆ ಕಲ್ಲಾಗಿ ತಡೆಯಕ್ಕಾಗದ ನೋವು. ಇನ್ನೊಂದು...” ಅವನು ನಿಲ್ಲಿಸಿದ. “ಎರಡಕ್ಕೆ ಹೋದಾಗ ಬಣ್ಣ ಏನು, ಮರ್ಡೀನಾ?”

ಪೆಟ್ಟಿಗೆಯ ಮೇಲಿದ್ದವನು ಎರಡೂ ಕೈಗಳನ್ನು ಬಟ್ಟೆಯ ಮೇಲೆ ಒತ್ತಿ ಹಿಡಿದಿದ್ದ. ತೀರಾ ಹಳೆಯ ಕೈಗಳು. ಹೇಳ್ಬೇಡ ಪುಟ್ಟಿ. ಮನೆ ತುಂಬ ಜನ.

“ಗುರುವಾರ ಏಳು ಜನ ಬರ್ತಾರೆ,” ಎಂದಳು. “ಅವರು ಹೋದ ಮೇಲೆ ತೋರಿಸ್ಕೋತೀನಿ.”

“ಅವರಿಗೇನು, ಪ್ರಭುಭೋಜನಕ್ಕೆ ಬಂದೋರು ಹಾಗೇ ನಿನ್ನ ಮಣ್ಣಿಗೂ ನಿಂತು ಹೋಗ್ತಾರೆ. ಎರಡು ಪ್ರಯಾಣ ಉಳೀತು.”

ಟಾರ್ಮಡ್ ಅದನ್ನು ಒರಟು ತಮಾಷೆಯೆಂದೇ ಹೇಳಿದ್ದ. ಆದರೆ ಮರ್ಡೀನಾ ಕಣ್ಣು ಮುಚ್ಚಿಕೊಂಡಳು. ಕಪ್ಪು ಕೋಟು ತೊಟ್ಟ ಹನ್ನೊಂದು ಜನ ಮಳೆಯಲ್ಲಿ ಮರಳಿ ಬರುತ್ತಿದ್ದರು. ಅಮ್ಮ ಬಾಗಿಲಲ್ಲಿ ನಿಂತು, ಬಿಟ್ಟುಹೋದ ಏನನ್ನಾದರೂ ಹುಡುಕಿಕೊಂಡು ಬಂದಿರೇ ಎಂದು ಕೇಳುತ್ತಿದ್ದಳು.

“ಮಾರಗ್,” ಎಂದಿತು ಅವಳ ನಾಲಿಗೆ, ರೂಢಿಯಂತೆ. ಆಮೇಲೆ ಅವಳೇ ಅದನ್ನು ತಡೆದಳು. “ಅಲ್ಲ. ಮಾರಗ್ ಬಿಟ್ಟು ವಾರ ಆಯ್ತು. ಆದ್ರೂ ಕಪ್ಪು. ಡಾಂಬರಿನ ಹಾಗೆ. ಅಂಟುತ್ತೆ. ವಾಸನೇನೂ ಅದೇ.”

ಅದೇ ಎಂದರೆ ಯಾವುದು ಎಂದು ಟಾರ್ಮಡ್ ಕೇಳಲಿಲ್ಲ. ಅವನ ಬೆರಳು ಆಗಲೇ ಫೋನಿನ ಮೇಲಿತ್ತು. ಮೊದಲು ಆಂಬ್ಯುಲೆನ್ಸು. ಆಮೇಲೆ ಚಿಕಿತ್ಸಾಲಯ. ಅಲ್ಲಿ ಫೋನೆತ್ತಿದ ಹುಡುಗಿ ಅವನ ದನಿ ಗುರುತಿಸಿ ನಿಟ್ಟುಸಿರು ಬಿಟ್ಟದ್ದು ನೆಲದ ಮೇಲೆ ಮಲಗಿದ್ದವಳಿಗೂ ಕೇಳಿಸಿತು.

“ಇವತ್ತು ನನ್ನ ಹೊಟ್ಟೆ ಅಲ್ಲಮ್ಮ,” ಎಂದ ಟಾರ್ಮಡ್.

ಆಂಬ್ಯುಲೆನ್ಸು ಬರುವವರೆಗೆ ಅವನು ಅವಳಿಗೆ ಒಂದು ಗುಟುಕು ನೀರನ್ನೂ ಕೊಡಲಿಲ್ಲ. ಒಳಗೆ ಕೊಳವೆ ಇಳಿಸಬೇಕಾಗಬಹುದು, ಹೊಟ್ಟೆ ಖಾಲಿಯಿರಲಿ ಎಂದ. ಗುಳಿಗೆಯ ಡಬ್ಬಿಯನ್ನು ಹುಡುಕಿ ತಂದು ಅವಳ ಜೇಬಿಗೆ ತುರುಕಿದ. ಹೊರಡುವಾಗ ಅವಳು ತಲೆ ತಿರುಗಿಸಿ ನೋಡಿದಳು. ಪೆಟ್ಟಿಗೆಯ ಮೇಲೆ ಯಾರೂ ಇರಲಿಲ್ಲ. ಅದೇ ಅವಳಿಗೆ ಹೆಚ್ಚು ಭಯ ಹುಟ್ಟಿಸಿತು. ತನಗಿಂತ ಮುಂಚೆ ಎಲ್ಲಿಗೋ ಹೋಗಿ ಕಾಯುತ್ತಿದ್ದಾನೆ ಎನ್ನಿಸಿತು.

ದ್ವೀಪದ ಪಟ್ಟಣವಾದ ಸ್ಟೋರ್ನೊವೇಯ ಆಸ್ಪತ್ರೆಯಲ್ಲಿ ಅವಳಿಗೆ ಮೂರು ಚೀಲ ರಕ್ತ ಏರಿಸಿದರು. ಬಾಯಿಂದ ಕ್ಯಾಮೆರಾದ ಕೊಳವೆ ಇಳಿಸಿ ನೋಡಿದಾಗ ಜಠರದಲ್ಲಿ ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಹುಣ್ಣು, ಅದರ ನಡುವೆ ತೊಟ್ಟಿಕ್ಕುವ ರಕ್ತನಾಳ. ಅದನ್ನು ಅಲ್ಲೇ ಚಿಮುಟಿ ಮುಚ್ಚಿದರು. ಹುಣ್ಣಿನ ಅಂಚಿನಿಂದ ಒಂದು ಚೂರು ಪರೀಕ್ಷೆಗೆ ಹೋಯಿತು, ಫಲಿತಾಂಶ ಒಳ್ಳೆಯದೇ ಬಂತು.

ಮೂರನೆಯ ದಿನ ಡಾಕ್ಟರ್ ಮಥೆಸನ್ ಹಾಸಿಗೆಯ ಅಂಚಿನಲ್ಲಿ ಕೂತರು. ಸಣ್ಣ ವಯಸ್ಸು, ಅದೇ ದ್ವೀಪದ ಮಗಳು. ಮಂಡಿಗೆಂದು ನುಂಗಿದ ಗುಳಿಗೆ ಐಬುಪ್ರೊಫೇನ್ ಎಂಬ ಜಾತಿಯದು, ಅದನ್ನು ಅಷ್ಟೊಂದು, ಅಷ್ಟು ಕಾಲ, ಡಾಕ್ಟರನ್ನು ಕೇಳದೆ ನುಂಗಿದರೆ ಜಠರದ ಒಳಪದರ ಸುಲಿದುಬಿಡುತ್ತದೆ, ಎಂದು ಬಿಡಿಸಿ ಹೇಳಿದರು. ಮಂಡಿಗೆ ಬೇರೆ ದಾರಿ ನೋಡೋಣ ಎಂದರು. ಮಾರಗಿನ ಮಾತು ಬಂದಾಗ ನಗಲಿಲ್ಲ. ಮಾರಗ್ ಬಣ್ಣವನ್ನು ಕಡುವಾಗಿಸಬಹುದು, ಆದರೆ ಆ ಅಂಟು, ಆ ಹೊಳಪು, ಆ ನಾತ ಅದರಿಂದ ಬರುವುದಿಲ್ಲ. “ಅನುಮಾನ ಬಂದ್ರೆ ನಮ್ಮನ್ನ ಕೇಳಿ, ತಟ್ಟೇನ ಕೇಳ್ಬೇಡಿ,” ಎಂದರು. “ವಾರಗಟ್ಟಲೆ ಪರೀಕ್ಷೆ ಮಾಡ್ತಾ ಕೂರೋದು ಅಂತೂ ಬೇಡ.”

ಕೊನೆಗೆ ಕಾಗದ ತಿರುವಿ, ಮನೆಯಲ್ಲಿ ಇನ್ನಾರಿಗಾದರೂ ಹೀಗಾಗಿತ್ತೇ ಎಂದು ಕೇಳಿದರು.

ಮರ್ಡೀನಾ ಕಿಟಕಿಯ ಕಡೆ ತಿರುಗಿದಳು.

“ನಮ್ಮಪ್ಪಂಗೆ,” ಎಂದಳು. “ಕಪ್ಪಗೆ ಹೋಗ್ತಿತ್ತು. ಐದು ದಿನ. ನಾನು ನೋಡಿದ್ದೆ. ಬಾಲ್ದಿ ಚೆಲ್ತಿದ್ದೋಳು ನಾನೇ.”

ಡಾಕ್ಟರು ಅದನ್ನು ಬರೆದುಕೊಂಡರು. ಒಂದು ಸಾಲು. ನಲವತ್ತನಾಲ್ಕು ವರ್ಷ ಹೊತ್ತದ್ದು ಕಾಗದದ ಮೇಲೆ ಒಂದೇ ಸಾಲಿನಷ್ಟು ಇತ್ತು.

“ನಾನು ಹೇಳಿದ್ರೆ ಬದುಕ್ತಿದ್ರಾ?”

“ಗೊತ್ತಿಲ್ಲ,” ಎಂದರು ಡಾಕ್ಟರ್ ಮಥೆಸನ್. “ಹುಣ್ಣೋ ಇನ್ನೇನೋ, ಈಗ ಯಾರೂ ಹೇಳಕ್ಕಾಗಲ್ಲ. ಆಗ ಈ ಕೊಳವೆ ಎಲ್ಲ ಇಲ್ಲಿಗೆ ಬಂದಿರ್ಲಿಲ್ಲ. ಬದುಕ್ತಿದ್ರೋ ಏನೋ. ಇಲ್ಲದೇನೂ ಇರಬಹುದು.” ಕಾಗದ ಮಡಚಿಟ್ಟು, “ಹೇಳ್ಬೇಡ ಅಂದೋರು ದೊಡ್ಡೋರು. ಕೇಳಿದ್ದು ಹದಿನೇಳು ವರ್ಷದ ಹುಡುಗಿ,” ಎಂದರು.

ಬೇರೆ ಯಾವ ಉತ್ತರ ಕೊಟ್ಟಿದ್ದರೂ ಅವಳು ನಂಬುತ್ತಿರಲಿಲ್ಲ. ಇದು ಸಮಾಧಾನ ಕೊಡಲಿಲ್ಲ, ಆದರೆ ನಿಜವಾಗಿತ್ತು. ಆ ರಾತ್ರಿ ಪ್ರಾರ್ಥನೆಯಲ್ಲಿ ಆ ಜಾಗ ಬಂದಾಗ ಅವಳು ದಾಟಿ ಹೋಗಲಿಲ್ಲ.

ಪ್ರಭುಭೋಜನದ ಏಳು ಅತಿಥಿಗಳನ್ನು ಟಾರ್ಮಡ್ ತನ್ನ ಮನೆಯಲ್ಲಿ ಇಳಿಸಿಕೊಂಡ. ಸಾರಿಗೆ ಉಪ್ಪು ಹೆಚ್ಚಾಗಿತ್ತೆಂದೂ, ಪ್ರತಿಯೊಬ್ಬರನ್ನೂ ಹೊಟ್ಟೆಯ ಕ್ಷೇಮ ವಿಚಾರಿಸಿ ಸುಸ್ತು ಮಾಡಿದನೆಂದೂ ಆಮೇಲೆ ಸುದ್ದಿ ಬಂತು. ಊರು ಅವನನ್ನು ಈಗಲೂ ತೇಗಿನ ಟಾರ್ಮಡ್ ಎಂದೇ ಕರೆಯಿತು. ಒಮ್ಮೆ ಇಟ್ಟ ಹೆಸರು ಅಲ್ಲಿ ಹೋಗುವುದಿಲ್ಲ. ಮರ್ಡೀನಾ ಮಾತ್ರ ಮತ್ತೆ ಹಾಗೆ ಕರೆಯಲಿಲ್ಲ.

ಡಿಸೆಂಬರಿನ ಒಂದು ಸೋಮವಾರ ಮಗ್ಗ ಮತ್ತೆ ಓಡಿತು. ಮೊದಲ ವಾರ ಒಂದು ತೊಂದರೆಯಾಯಿತು. ಅವಳು ಚಹಾಕ್ಕೆಂದು ನಿಲ್ಲಿಸಿದಾಗಲೆಲ್ಲ ಟಾರ್ಮಡ್ ಮನೆಚಪ್ಪಲಿಯಲ್ಲೇ ಓಡಿಬರುತ್ತಿದ್ದ. ಮೂರನೆಯ ಸಲ ಏದುಸಿರು ಬಿಡುತ್ತಾ, “ನೀನು ಉಳಿದೆ, ನಾನು ಸಾಯ್ತೀನಿ ಈಗ,” ಎಂದ. ಸುಮ್ಮನೆ ನಿಲ್ಲಿಸುವುದಾದರೆ ಕಿಟಕಿಗೆ ಏನಾದರೊಂದು ನೇತುಹಾಕು, ಕಂಡರೆ ನಾನು ಕೂತಲ್ಲೇ ಕೂತಿರುತ್ತೇನೆ, ಎಂದು ಕರಾರು ಮಾಡಿದ.

ಮರುದಿನ ಹನ್ನೊಂದಕ್ಕೆ ಅವಳು ಪೆಡಲ್ ನಿಲ್ಲಿಸಿದಳು. ಮೊಳೆಯಲ್ಲಿದ್ದ ಬಟ್ಟೆಯೊಂದನ್ನು ತೆಗೆದು ಕಿಟಕಿಗೆ ಕಟ್ಟಿದಳು. ಆಚೆ ಮನೆಯ ಗಾಜಿನ ಹಿಂದೆ ಒಂದು ಕೈ ಎದ್ದು ಇಳಿಯಿತು. ಅವಳು ತಿರುಗಿದಳು.

ಅಪ್ಪ ಬಂದಿದ್ದ. ಪೆಟ್ಟಿಗೆಯ ಮೇಲೆ ಕೂತು, ಅವಳು ನೇಯ್ದ ಬಟ್ಟೆಯ ಅಂಚನ್ನು ಬಾಗಿ ನೋಡುತ್ತಿದ್ದ, ಅವಳು ಹುಡುಗಿಯಾಗಿದ್ದಾಗ ತಪ್ಪೆಳೆ ಹುಡುಕುತ್ತಿದ್ದ ಹಾಗೆ. ಬಾಲ್ದಿ ಅವನ ಪಾದದ ಬಳಿ ಇತ್ತು. ಅದರ ಮೇಲೆ ಬಟ್ಟೆ ಇರಲಿಲ್ಲ.

ಅವಳು ಹತ್ತಿರ ಹೋಗಿ ಇಣುಕಲಿಲ್ಲ. ಅದರಲ್ಲಿ ಏನಿದೆಯೆಂದು ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು. ಚಹಾ ಬಸಿದುಕೊಂಡು, ಹಾಲು ಬೆರೆಸಿ, ಒಂದು ತುಂಡು ರೊಟ್ಟಿ ಮೊದಲು ತಿಂದು, ಆಮೇಲೆ ಕುಡಿದಳು.